ನರಕೋಶಗಳ ನಡುವಿನ ವೇಗದ ಮಾತು: ಬೆಂಗಳೂರಿನ ಪುಟ್ಟ ಮೀನುಗಳು ತೋರಿಸಿದ್ದು

 

ವರ್ಷದ ಜಮಾ-ಖರ್ಚು ಹಿಂದಿನ ಪುಟಗಳಲ್ಲಿದೆ. ಇಲ್ಲಿ ಬೇರೊಂದು ವಿಷಯ ಬರೆಯುತ್ತಿದ್ದೇವೆ. ಈ ಸಾಲಿನ ಅರ್ಜಿಗಳನ್ನು ನೋಡುವಾಗ ಪುಣಜನೂರು ಕಡೆಯ ಒಬ್ಬ ವಿದ್ಯಾರ್ಥಿನಿ, ಬಿ.ಎಸ್ಸಿ. ಮುಗಿಸಿ ಮೆದುಳು, ನರಗಳ ಬಗ್ಗೆ ಸಂಶೋಧನೆ ಮಾಡಬೇಕೆಂದು ಬರೆದಿದ್ದಳು. ಮೀನಿನ ಮೆದುಳಿನ ಮೇಲೆ ಕೆಲಸ ನಡೆಯುವ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ ಎಂದೂ ಸೇರಿಸಿದ್ದಳು. ಸಭೆಯಲ್ಲಿ ಹಿರಿಯ ದಾನಿಯೊಬ್ಬರು ಕೇಳಿದರು: "ನರ್ಸಿಂಗ್, ಬಿ.ಇಡಿ., ಐಟಿಐ ಅಂದರೆ ಅರ್ಥವಾಗುತ್ತೆ. ಮೀನಿನ ಮೆದುಳು ಓದಿ ಏನಾಗಬೇಕು?" ಪ್ರಶ್ನೆ ನ್ಯಾಯವಾದದ್ದು. ಹಣ ಕೊಡುವವರು ಕೇಳಲೇಬೇಕು. ಅಂದು ಎರಡು ಮಾತಿನಲ್ಲಿ ಮುಗಿಸುವ ಉತ್ತರ ಅದಾಗಿರಲಿಲ್ಲ, ಆದ್ದರಿಂದ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಕೆರೆಯ ಅಂಚಿನಲ್ಲಿ ಕಾಲಿಟ್ಟರೆ ಸಣ್ಣ ಮೀನುಗಳು ಚೆದುರುವುದನ್ನು ಎಲ್ಲರೂ ಕಂಡಿದ್ದೇವೆ. ನೀರು ಅಲುಗಿದ ಸುಮಾರು ನೂರರಲ್ಲೊಂದು ಸೆಕೆಂಡಿನೊಳಗೆ ಮೀನಿನ ಮೈ ಬಿಲ್ಲಿನಂತೆ ಬಾಗಿರುತ್ತದೆ. ನಾವು ಒಮ್ಮೆ ರೆಪ್ಪೆ ಮಿಟುಕಿಸಲು ಅದರ ಹತ್ತು ಪಟ್ಟಾದರೂ ಸಮಯ ಬೇಕು. ಅಷ್ಟರೊಳಗೆ ಕಿವಿಯಿಂದ ಮೆದುಳಿಗೆ, ಮೆದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುವಿಗೆ ಸುದ್ದಿ ಹೋಗಿ ಮುಟ್ಟಿದೆ. ದಾರಿಯಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಒಪ್ಪಿಸುವ ಜಾಗಗಳಿವೆ. ಅವನ್ನು ನರಸಂಧಿ ಎನ್ನುತ್ತಾರೆ. ಕೆಲವು ಸಂಧಿಗಳಲ್ಲಿ ವಿದ್ಯುತ್ ನೇರವಾಗಿ ದಾಟುತ್ತದೆ. ಉಳಿದ ಹೆಚ್ಚಿನವುಗಳಲ್ಲಿ ಎರಡು ಕೋಶಗಳ ನಡುವೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಭಾಗದಷ್ಟು ಸಂದು ಇರುತ್ತದೆ. ಈಚೆಯ ಕೋಶ ಆ ಸಂದಿಗೆ ಒಂದು ರಾಸಾಯನಿಕವನ್ನು ಚೆಲ್ಲುತ್ತದೆ, ಆಚೆಯ ಕೋಶದ ಮೈಮೇಲಿರುವ ಪ್ರೋಟೀನುಗಳು ಅದನ್ನು ಹಿಡಿಯುತ್ತವೆ. ಹಿಡಿಯುವ ಆ ಪ್ರೋಟೀನೇ ರಿಸೆಪ್ಟರ್. ಪಠ್ಯಪುಸ್ತಕಗಳಲ್ಲಿ ಇದನ್ನು ಗ್ರಾಹಕ ಎಂದು ಬರೆಯುತ್ತಾರೆ. ಓದಿದವರಿಗೆ ಅಂಗಡಿಯ ಗಿರಾಕಿ ನೆನಪಾಗುವುದರಿಂದ ನಾವು ರಿಸೆಪ್ಟರ್ ಎಂದೇ ಬರೆಯುತ್ತೇವೆ.

ರಿಸೆಪ್ಟರ್ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ನಮ್ಮ ಭಾಗದವರಿಗೆ ನಾಗರಹಾವಿನ ಉದಾಹರಣೆ ಸಾಕು. ಹಾವು ಕಚ್ಚಿದವರ ರೆಪ್ಪೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟ ನಿಲ್ಲುತ್ತದೆ. ನರ ಸುದ್ದಿ ಕಳಿಸುತ್ತಲೇ ಇರುತ್ತದೆ. ಸ್ನಾಯುವಿಗೂ ಕೆಲಸ ಮಾಡುವ ಶಕ್ತಿ ಇರುತ್ತದೆ. ಆದರೆ ಸ್ನಾಯುವಿನ ಮೇಲಿರುವ ರಿಸೆಪ್ಟರಿಗೆ ವಿಷ ಹೋಗಿ ಅಂಟಿಕೊಂಡು ಜಾಗ ಹಿಡಿದಿರುತ್ತದೆ. ಬಾಗಿಲು ಮುಚ್ಚಿರುವಾಗ ಹೊರಗಿನಿಂದ ಎಷ್ಟು ಕೂಗಿದರೇನು? ಆಸ್ಪತ್ರೆಯಲ್ಲಿ ಸಕಾಲಕ್ಕೆ ಪ್ರತಿವಿಷ, ಬೇಕಾದರೆ ಕೃತಕ ಉಸಿರಾಟ ಸಿಕ್ಕಿದರೆ ರೋಗಿ ಬದುಕುತ್ತಾನೆ.

ಇನ್ನು ವೇಗದ ಮಾತಿಗೆ ಬರೋಣ. ಮೀನಿನ ಮೆದುಳಿನಲ್ಲೂ ನಮ್ಮ ಮೆದುಳಿನಲ್ಲೂ 'ಏಳು, ಹೊರಡು' ಎಂದು ಹೇಳುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಗೋಬಿ ಮಂಚೂರಿಗೆ ಉದುರಿಸುವ ಅಜಿನೊಮೊಟೊದಲ್ಲಿರುವುದೂ ಇದೇ. ಆದರೆ ಮೆದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹೊಟ್ಟೆಗೆ ಹೋದದ್ದು ನೇರವಾಗಿ ಅಲ್ಲಿಗೆ ಸೇರುವುದಿಲ್ಲ. ಈ ಗ್ಲುಟಮೇಟನ್ನು ಹಿಡಿಯುವ ರಿಸೆಪ್ಟರುಗಳು ಹಲವು ಬಗೆ. ಎರಡನ್ನು ತಿಳಿದರೆ ಸಾಕು: ಆಂಪಾ ಮತ್ತು ಎನ್‌ಎಂಡಿಎ.

ಪುಣಜನೂರಿನ ಚೆಕ್‌ಪೋಸ್ಟನ್ನು ನೆನೆಸಿಕೊಳ್ಳಿ. ಆಂಪಾ ರಿಸೆಪ್ಟರ್ ಎಂದರೆ ಚೀಟಿ ತೋರಿಸಿದ ಕೂಡಲೇ ಅಡ್ಡಗಂಬ ಮೇಲೇಳುವ ಗೇಟು. ಗ್ಲುಟಮೇಟ್ ತಗುಲಿತು, ಗೇಟು ತೆರೆಯಿತು, ಸೋಡಿಯಂ ಅಯಾನುಗಳು ಒಳನುಗ್ಗಿದವು, ಕೆಲವೇ ಮಿಲಿಸೆಕೆಂಡುಗಳಲ್ಲಿ ಗೇಟು ಮತ್ತೆ ಮುಚ್ಚಿತು. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಎನ್‌ಎಂಡಿಎ ಹಾಗಲ್ಲ. ಅದಕ್ಕೆ ಚೀಟಿಯೂ ಬೇಕು, ಹೊತ್ತೂ ಸರಿಯಿರಬೇಕು. ಅದರ ದ್ವಾರದಲ್ಲಿ ಮೆಗ್ನೀಸಿಯಂ ಅಯಾನು ಬಿರಡೆಯಂತೆ ಕೂತಿರುತ್ತದೆ. ಗ್ಲುಟಮೇಟ್ ಬಂದರೂ, ಕೋಶ ಆಗಲೇ ಸ್ವಲ್ಪ ಚುರುಕಾಗಿದ್ದರೆ ಮಾತ್ರ ಬಿರಡೆ ಕಳಚುತ್ತದೆ. ಇದು ಗೊತ್ತಾದದ್ದು 1984ರಲ್ಲಿ. ಒಮ್ಮೆ ತೆರೆದರೆ ಹತ್ತಾರು, ಕೆಲವೊಮ್ಮೆ ನೂರಾರು ಮಿಲಿಸೆಕೆಂಡು ತೆರೆದೇ ಇರುತ್ತದೆ. ಕಲಿಕೆ, ನೆನಪುಗಳಿಗೆ ಈ ನಿಧಾನದ ಗೇಟು ಬೇಕು. ಓಡಿ ತಪ್ಪಿಸಿಕೊಳ್ಳಲು ಮೊದಲನೆಯದು ಬೇಕು.

ಚೆಲ್ಲಿದ ರಾಸಾಯನಿಕ ಒಂದೇ, ಒಳಗಾಗುವ ಕೆಲಸ ಬೇರೆಬೇರೆ. ಅದನ್ನು ನಿರ್ಧರಿಸುವುದು ಕೇಳುವ ಕೋಶದ ಮೇಲಿನ ರಿಸೆಪ್ಟರ್. ಮುಂದೆ ಹೇಳುವ ಎಲ್ಲದಕ್ಕೂ ಇದೇ ಆಧಾರ.

'ಹೊರಡು' ಎನ್ನುವವರಷ್ಟೇ ಇದ್ದರೆ ಮೀನು ಈಜಲಾರದು. 'ನಿಲ್ಲು' ಎನ್ನುವವರೂ ಬೇಕು. ಬಾಲ ಎಡಕ್ಕೆ ಬಾಗುವಾಗ ಬಲಬದಿಯ ಸ್ನಾಯು ಸಡಿಲವಾಗಿರಬೇಕು. ಬೆನ್ನುಹುರಿಯಲ್ಲಿ ಈ ತಡೆಯ ಕೆಲಸ ಮಾಡುವ ಮುಖ್ಯ ರಾಸಾಯನಿಕ ಗ್ಲೈಸಿನ್, ಅದನ್ನು ಹಿಡಿಯುವುದು ಗ್ಲೈಸಿನ್ ರಿಸೆಪ್ಟರ್. ದಕ್ಷಿಣ ಭಾರತದ ಕಾಡುಗಳಲ್ಲಿ ಬೆಳೆಯುವ ಕಾಸರಕ ಮರದ ಬೀಜ ಪ್ರಾಣ ತೆಗೆಯುವಂಥದ್ದು ಎಂದು ಹಿರಿಯರು ಮಕ್ಕಳನ್ನು ಎಚ್ಚರಿಸುತ್ತಿದ್ದರು. ಅದರಲ್ಲಿರುವ ಸ್ಟ್ರಿಕ್ನಿನ್ ಮಾಡುವುದು ಇಷ್ಟೇ: ಗ್ಲೈಸಿನ್ ರಿಸೆಪ್ಟರನ್ನು ಮುಚ್ಚಿಬಿಡುತ್ತದೆ. ಬ್ರೇಕು ಹೋದ ಮೇಲೆ ಮೈಯ ಸ್ನಾಯುಗಳೆಲ್ಲ ಒಮ್ಮೆಗೇ ಸೆಟೆದುಕೊಳ್ಳುತ್ತವೆ. ಇದೇ ರಿಸೆಪ್ಟರಿನ ಒಂದು ಭಾಗ ಹುಟ್ಟಿನಿಂದಲೇ ಕೆಟ್ಟಿರುವ ಜೀಬ್ರಾ ಮೀನಿನ ತಳಿಯೊಂದಿದೆ. ಮುಟ್ಟಿದರೆ ಅದು ಈಜಿ ಹೋಗುವುದಿಲ್ಲ. ಎಡ-ಬಲ ಎರಡೂ ಬದಿ ಒಟ್ಟಿಗೆ ಬಿಗಿದು ಮೈ ಗಿಡ್ಡವಾಗುತ್ತದೆ. ತಿದಿ ಒತ್ತಿ ಬಾರಿಸುವ ವಾದ್ಯವೊಂದರ ಹೆಸರನ್ನು ಹಿಡಿದು ಆ ತಳಿಯನ್ನು 'ಬ್ಯಾಂಡೋನಿಯನ್' ಎಂದು ಕರೆದರು. ದೋಷ ಗ್ಲೈಸಿನ್ ರಿಸೆಪ್ಟರಿನಲ್ಲಿದೆ ಎಂದು 2005ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲೂ ಇಂಥ ದೋಷ ಇರುವ ಕೂಸುಗಳು ಹುಟ್ಟುತ್ತವೆ, ಅಪರೂಪಕ್ಕೆ. ಸಣ್ಣ ಸದ್ದಿಗೂ ಅವು ಬೆಚ್ಚಿ ಕೊರಡಿನಂತಾಗುತ್ತವೆ.

ಈಗ ಜೀಬ್ರಾ ಮೀನು ಯಾವುದೆಂದು ಹೇಳಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳಿನಷ್ಟೂ ಉದ್ದವಿಲ್ಲದ ಮೀನು. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದ್ದರೂ ಇದರ ತವರು ನಮ್ಮ ಉಪಖಂಡವೇ. ಇದಕ್ಕೆ 1822ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜನಜೀವನ ದಾಖಲಿಸಿದ ಬುಕಾನನ್ ಇವರೇ. ಹ್ಯಾಮಿಲ್ಟನ್ ಎಂಬುದು ನಂತರ ಸೇರಿಸಿಕೊಂಡ ಹೆಸರು. ಮೈಸೂರಿನ ಇತಿಹಾಸ ಓದುವವರಿಗೆ ಗೊತ್ತಿರುವ ವ್ಯಕ್ತಿ ಮೀನಿನ ಕಥೆಯಲ್ಲೂ ಸಿಕ್ಕಿದ್ದು ನಮಗೆ ಖುಷಿ ಕೊಟ್ಟಿತು.

ವಿಜ್ಞಾನಿಗಳು ಈ ಮೀನನ್ನು ಆರಿಸಿಕೊಳ್ಳಲು ಕಾರಣವಿದೆ. ಮೊಟ್ಟೆಯೊಡೆದು ಬಂದ ಮರಿ ಗಾಜಿನಂತೆ ಪಾರದರ್ಶಕ. ಐದಾರು ದಿನಕ್ಕೆಲ್ಲ ಈಜುತ್ತದೆ, ಬೇಟೆಯಾಡುತ್ತದೆ, ಆಗ ಅದರ ಉದ್ದ ಸುಮಾರು ನಾಲ್ಕು ಮಿಲಿಮೀಟರ್, ರಾಗಿ ಕಾಳು ಎರಡು ಮೂರು ಸಾಲಾಗಿಟ್ಟಷ್ಟು. ಬದುಕಿರುವ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಮನುಷ್ಯರ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಈ ಮೀನಿನಲ್ಲಿ ಜೊತೆ ಜೀನು ಇದೆ ಎಂದು 2013ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾದಾಗ ತಿಳಿಯಿತು. ಆಂಪಾ, ಎನ್‌ಎಂಡಿಎ, ಗ್ಲೈಸಿನ್ ರಿಸೆಪ್ಟರುಗಳೆಲ್ಲ ಆ ಪಟ್ಟಿಯಲ್ಲಿವೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಎನ್‌ಸಿಬಿಎಸ್ ಎಂದರೆ ಬೇಗ ಗೊತ್ತಾಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ ಅದು. ಅಲ್ಲಿ ಪ್ರೊ. ವತ್ಸಲಾ ತಿರುಮಲೈ ಅವರ ತಂಡ ಜೀಬ್ರಾ ಮೀನಿನ ಮರಿಗಳಲ್ಲಿ ಚಲನೆಯನ್ನು ನಿಭಾಯಿಸುವ ನರಕೋಶಗಳನ್ನು ಅಧ್ಯಯನ ಮಾಡುತ್ತದೆ. 2015ರಲ್ಲಿ ಮೋಹಿನಿ ಸೇನ್‌ಗುಪ್ತ ಮತ್ತು ವತ್ಸಲಾ ತಿರುಮಲೈ ಪ್ರಕಟಿಸಿದ ಒಂದು ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ರಿಸೆಪ್ಟರಿನ ಪಾತ್ರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನಲ್ಲಿ ಪರ್ಕಿಂಜಿ ಎಂಬ ನರಕೋಶಗಳಿವೆ. ನಾವು ಸೈಕಲ್ ತುಳಿಯುವಾಗ, ತಲೆಯ ಮೇಲೆ ಬಿಂದಿಗೆ ಹೊತ್ತು ನಡೆಯುವಾಗ ಮೈ ತಪ್ಪದಂತೆ ನೋಡಿಕೊಳ್ಳುವುದು ಕಿರುಮೆದುಳು. ಅದರ ತೀರ್ಮಾನ ಹೊರಗೆ ಹೋಗುವುದು ಈ ಪರ್ಕಿಂಜಿ ಕೋಶಗಳ ಮೂಲಕ. ಈ ಕೋಶಗಳಿಗೆ ಎರಡು ಸ್ಥಿತಿಗಳಿರುತ್ತವೆಯೇ, ಅಥವಾ ಅದು ಅರಿವಳಿಕೆ ಕೊಟ್ಟ ಪ್ರಾಣಿಗಳಲ್ಲಿ ಮಾತ್ರ ಕಾಣುವ ಸಂಗತಿಯೇ ಎಂದು ವಿಜ್ಞಾನಿಗಳಲ್ಲಿ ವಾದವಿತ್ತು. ಬೆಂಗಳೂರಿನ ತಂಡ ಅರಿವಳಿಕೆ ಇಲ್ಲದ ಮೀನಿನ ಮರಿಯಲ್ಲೇ ನೋಡಲು ಹೊರಟಿತು. ಕೂದಲಿಗಿಂತ ಸಣ್ಣ ತುದಿಯ ಗಾಜಿನ ಕೊಳವೆಯನ್ನು ಒಂದೇ ಒಂದು ಕೋಶಕ್ಕೆ ಜೋಡಿಸಿ ಅದರ ವಿದ್ಯುತ್ತನ್ನು ಅಳೆಯಬೇಕು. ಮರಿ ಒದ್ದಾಡಿದರೆ ಕೆಲಸ ಕೆಟ್ಟಿತು. ಆದ್ದರಿಂದ ಇಂಥ ಪ್ರಯೋಗಗಳಲ್ಲಿ ಸ್ನಾಯುವಿನ ಮೇಲಿನ ರಿಸೆಪ್ಟರನ್ನು ಮಾತ್ರ ಮುಚ್ಚುವ ಔಷಧ ಕೊಡುತ್ತಾರೆ, ನಾಗರಹಾವಿನ ವಿಷ ಮಾಡುವ ಕೆಲಸವನ್ನೇ ಮಾಡುವಂಥದ್ದು. ಮೈ ಅಲುಗುವುದಿಲ್ಲ, ಮೆದುಳು ಎಚ್ಚರವಾಗಿರುತ್ತದೆ. ಸ್ನಾಯುವಿಗೆ ಆಜ್ಞೆ ಒಯ್ಯುವ ನರದಲ್ಲಿ 'ಈಜು' ಎಂಬ ಸುದ್ದಿ ಹೋದದ್ದನ್ನು ಬೇರೆ ತಂತಿಯಿಂದ ಕೇಳಿಸಿಕೊಳ್ಳಬಹುದು.

ಕಂಡದ್ದು ಹೀಗೆ. ಕೋಶದ ವಿದ್ಯುತ್ ಮಟ್ಟ ಮೇಲಿದ್ದಾಗ ಅದು ಮಳೆ ಹನಿಯಂತೆ ಒಂದೊಂದಾಗಿ ಮಿಡಿಯುತ್ತಿತ್ತು. ಮಟ್ಟ ಕೆಳಗಿಳಿದಾಗ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಪಟಾಕಿ ಸರದಂತೆ ಗೊಂಚಲು ಗೊಂಚಲಾಗಿ ಮಿಡಿಯುತ್ತಿತ್ತು. ಒಂದೇ ಕೋಶ ತಾನಾಗಿಯೇ ಈ ಎರಡು ಸ್ಥಿತಿಗಳ ನಡುವೆ ಬದಲಾಗುತ್ತಿತ್ತು. ಎಚ್ಚರವಿರುವ ಪ್ರಾಣಿಯಲ್ಲೂ ಎರಡು ಸ್ಥಿತಿ ಇದೆ ಎಂಬುದು ಖಾತ್ರಿಯಾಯಿತು. ಹಾಗಾದರೆ ಗೊಂಚಲನ್ನು ಎಬ್ಬಿಸುವವರು ಯಾರು? ಅಡುಗೆಯಲ್ಲಿ ಖಾರ ಯಾವುದರಿಂದ ಬಂತೆಂದು ತಿಳಿಯಲು ಒಂದೊಂದೇ ಪದಾರ್ಥ ಬಿಟ್ಟು ನೋಡಿದ ಹಾಗೆ ಅವರು ಒಂದೊಂದೇ ರಿಸೆಪ್ಟರನ್ನು ಪರೀಕ್ಷಿಸಿದರು. ತಡೆಯ ಸುದ್ದಿ ಹಿಡಿಯುವ ಗಾಬಾ ರಿಸೆಪ್ಟರ್ ಇಲ್ಲದೆಯೂ ಗೊಂಚಲು ಬರುತ್ತಿತ್ತು. ಎನ್‌ಎಂಡಿಎ ಇಲ್ಲದೆಯೂ ಬರುತ್ತಿತ್ತು. ಅದನ್ನು ಎಬ್ಬಿಸುತ್ತಿದ್ದದ್ದು ವೇಗದ ಗೇಟು, ಆಂಪಾ. ಕಿರುಮೆದುಳಿಗೆ ಕೆಳಗಿನಿಂದ ಹತ್ತಿಬರುವ ಒಂದು ಬಗೆಯ ನರತಂತು ಗ್ಲುಟಮೇಟ್ ಚೆಲ್ಲಿ ಆಂಪಾ ರಿಸೆಪ್ಟರುಗಳನ್ನು ತೆರೆದರೆ ಅಷ್ಟೇ ಸಾಕು, ಗೊಂಚಲು ಹೊರಡುತ್ತಿತ್ತು. ಇನ್ನೂ ಒಂದು ಸಂಗತಿ: ಮೀನು ಈಜಲು ಆರಂಭಿಸುವ ಹೊತ್ತಿನಲ್ಲಿ ಆ ನರತಂತುವಿನ ಸುದ್ದಿಗಳು ಹೆಚ್ಚುತ್ತಿದ್ದವು. ಚಲನೆ ಶುರುವಾಗುವುದಕ್ಕೂ ಕಿರುಮೆದುಳಿನ ಈ ಮಿಡಿತಕ್ಕೂ ನಂಟಿದೆ ಎಂದಾಯಿತು.

ಅದೇ ಪ್ರಯೋಗಾಲಯದಿಂದ 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಡೋಪಮೈನ್ ಬಗ್ಗೆ. ಇದರ ರಿಸೆಪ್ಟರುಗಳು ಗೇಟುಗಳಲ್ಲ. ಒಳಗಿನವರಿಗೆ ಫೋನ್ ಮಾಡಿ ಏರ್ಪಾಡು ಬದಲಾಯಿಸುವ ಮೇಲ್ವಿಚಾರಕರಂತೆ ಕೆಲಸ ಮಾಡುತ್ತವೆ, ಹಾಗಾಗಿ ನಿಧಾನ. ಆದರೆ ವೇಗದ ಮಾತು ಎಷ್ಟು ಜೋರಾಗಿ ಕೇಳಬೇಕೆಂಬುದನ್ನು ಇವು ತಿದ್ದುತ್ತವೆ. ಡಿ1 ಬಗೆಯ ರಿಸೆಪ್ಟರುಗಳನ್ನು ಚುರುಕುಗೊಳಿಸಿದಾಗ ಮರಿಗಳು ಬಾಲವನ್ನು ಹೆಚ್ಚು ಬಾಗಿಸಿ ವೇಗವಾಗಿ ಈಜಿದವು. ಸಾಮಾನ್ಯವಾಗಿ ಸುಮ್ಮನಿರುವ ದೊಡ್ಡ ನರಕೋಶಗಳೂ ಕೆಲಸಕ್ಕೆ ಇಳಿದವು. ಇದಕ್ಕೂ ಮುಂಚೆ, 2008ರಲ್ಲಿ, ವತ್ಸಲಾ ತಿರುಮಲೈ ಅಮೆರಿಕದಲ್ಲಿದ್ದಾಗ ಹಾಲಿಸ್ ಕ್ಲೈನ್ ಜೊತೆ ಮಾಡಿದ ಕೆಲಸದಲ್ಲಿ, ಇನ್ನೂ ಆಹಾರ ತಿನ್ನಲು ಆರಂಭಿಸದ ಎಳೆಯ ಮರಿಗಳಲ್ಲಿ ಅದೇ ಡೋಪಮೈನ್ ಡಿ2 ರಿಸೆಪ್ಟರುಗಳ ಮೂಲಕ ಈಜನ್ನು ತಡೆಯುತ್ತದೆಂದು ಕಂಡಿತ್ತು. ಒಂದೇ ರಾಸಾಯನಿಕ ಒಂದು ರಿಸೆಪ್ಟರಿನಲ್ಲಿ 'ಸುಮ್ಮನಿರು', ಇನ್ನೊಂದರಲ್ಲಿ 'ಜೋರಾಗಿ ಹೋಗು'.

ಇದರಿಂದ ನಮಗೇನು ಎಂಬ ಪ್ರಶ್ನೆಗೆ ಈಗ ಬರುತ್ತೇವೆ.

ನಮ್ಮ ಅರ್ಜಿ ನಮೂನೆಯಲ್ಲಿ 'ಓದು ನಿಲ್ಲಿಸಿದ ಕಾರಣ' ಎಂಬ ಸಾಲಿದೆ. ಕೆಲವರು ಅಲ್ಲಿ 'ಆರೋಗ್ಯ' ಎಂದಷ್ಟೇ ಬರೆಯುತ್ತಾರೆ. ಮನೆಗೆ ಹೋಗಿ ವಿಚಾರಿಸಿದರೆ ದನಿ ತಗ್ಗಿಸಿ ಹೇಳುತ್ತಾರೆ: ಮಗುವಿಗೆ ಫಿಟ್ಸ್ ಬರುತ್ತದೆ. ಹೆಣ್ಣುಮಗುವಾದರೆ ನೆಂಟರಿಗೂ ತಿಳಿಸಿರುವುದಿಲ್ಲ. ಫಿಟ್ಸ್ ಎಂದರೆ ಮೇಲೆ ಹೇಳಿದ ವೇಗದ ಮಾತು ಹತೋಟಿ ತಪ್ಪುವುದು. ಸಾವಿರಾರು ನರಕೋಶಗಳು ಒಟ್ಟಿಗೆ 'ಹೊರಡು, ಹೊರಡು' ಎಂದು ಕೂಗಿಕೊಳ್ಳುತ್ತವೆ, 'ನಿಲ್ಲು' ಎನ್ನುವವರ ದನಿ ಕೇಳದೇ ಹೋಗುತ್ತದೆ. ಗಾಬಾ ರಿಸೆಪ್ಟರನ್ನು ತಡೆಯುವ ರಾಸಾಯನಿಕವನ್ನು ನೀರಿಗೆ ಹಾಕಿದರೆ ಜೀಬ್ರಾ ಮೀನಿನ ಮರಿಗೂ ಫಿಟ್ಸ್ ಬರುತ್ತದೆ. 2005ರಿಂದೀಚೆಗೆ ಹೊಸ ಔಷಧಗಳನ್ನು ಪರೀಕ್ಷಿಸಲು ಈ ವಿಧಾನವನ್ನು ಬಳಸುತ್ತಿದ್ದಾರೆ. ತುರ್ತು ಚಿಕಿತ್ಸೆಯಲ್ಲಿ ಡಾಕ್ಟರು ಕೊಡುವ ಮಿಡಾಜೊಲಾಮ್, ಡಯಾಜೆಪಾಮ್ ಗಾಬಾ ರಿಸೆಪ್ಟರಿನ ಮೇಲೆ ಕೂತು ಬ್ರೇಕನ್ನು ಗಟ್ಟಿ ಮಾಡುತ್ತವೆ. 2012ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅನುಮತಿ ಪಡೆದ ಪೆರಾಂಪನೆಲ್ ಎಂಬ ಮಾತ್ರೆ ಆಂಪಾ ರಿಸೆಪ್ಟರಿನ ಕೆಲಸವನ್ನು ತಗ್ಗಿಸುತ್ತದೆ. ಆ ಮಾತ್ರೆ ಬರಬೇಕಾದರೆ ಮೊದಲು ಆಂಪಾ ಎಂಬುದೊಂದಿದೆ, ಅದು ಹೀಗೆ ಕೆಲಸ ಮಾಡುತ್ತದೆ ಎಂದು ಯಾರೋ ವರ್ಷಗಟ್ಟಲೆ ಕೂತು ಕಂಡುಹಿಡಿದಿರಬೇಕು.

ಫಿಟ್ಸ್ ಇರುವವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಸರಿಯಾದ ಔಷಧದಿಂದ ಫಿಟ್ಸ್ ಇಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದಬಹುದು, ಕೆಲಸ ಮಾಡಬಹುದು, ಮದುವೆಯಾಗಬಹುದು. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಕಬ್ಬಿಣಕ್ಕೂ ರಿಸೆಪ್ಟರಿಗೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ಕಾಯಿಲೆಯ ಬಗ್ಗೆ ತಾಯಂದಿರಿಗೆ ತಿಳಿಸಲೇಬೇಕು. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ವಿಚಿತ್ರವಾಗಿ ಆಡತೊಡಗುತ್ತಾಳೆ, ನಿದ್ದೆ ಹೋಗುತ್ತದೆ, ಇಲ್ಲದ್ದು ಕಾಣುತ್ತದೆ, ಬಾಯಿ ಕೈಗಳು ತಾವೇ ಅಲುಗುತ್ತವೆ, ಫಿಟ್ಸ್ ಬರುತ್ತದೆ. ಗಾಳಿ ಸೋಕಿದೆ, ಜಿನ್ನು ಹಿಡಿದಿದೆ ಎಂದು ಜನ ಹೇಳುತ್ತಾರೆ. ಇಂಥ ಕೆಲವರಲ್ಲಿ ಆಗಿರುವುದೇನೆಂದರೆ, ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಮೆದುಳಿನ ಎನ್‌ಎಂಡಿಎ ರಿಸೆಪ್ಟರುಗಳ ಮೇಲೆ ದಾಳಿ ಮಾಡಿರುತ್ತದೆ. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಇದನ್ನು 2007ರಲ್ಲಷ್ಟೇ ಗುರುತಿಸಿದರು. ರೋಗಿಗಳಲ್ಲಿ ಹೆಚ್ಚಿನವರು ಎಳೆಯ ಪ್ರಾಯದ ಹೆಣ್ಣುಮಕ್ಕಳು. ಬೇಗ ಚಿಕಿತ್ಸೆ ಆರಂಭವಾದರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಇವೆ. ದುವಾ ಮಾಡಿಸಬೇಡಿ ಎಂದು ನಾವು ಹೇಳುವುದಿಲ್ಲ. ದುವಾ ಮಾಡಿಸಿ, ಅದೇ ದಿನ ಬಸ್ಸನ್ನೂ ಹತ್ತಿಸಿ.

ಸಭೆಯಲ್ಲಿ ಕೇಳಿದ ಹಿರಿಯರಿಗೆ ಈ ಬರಹದ ಕರಡನ್ನು ತೋರಿಸಿದೆವು. ಓದಿ, "ಮೀನು ಹಿಡಿಯುವವರಿಗೂ ಗೊತ್ತಿಲ್ಲದ ಮೀನು ಇದು" ಎಂದರು. ಬಳಿಕ ಆ ವಿದ್ಯಾರ್ಥಿನಿಯ ಅರ್ಜಿಯ ಬಗ್ಗೆ ಎರಡನೇ ಪ್ರಶ್ನೆ ಕೇಳಿದರು: ಎಷ್ಟು ವರ್ಷ ಹಿಡಿಯುತ್ತದೆ? ಬಿ.ಎಸ್ಸಿ.ಗೆ ಮೂರು, ಎಂ.ಎಸ್ಸಿ.ಗೆ ಎರಡು, ಪಿಎಚ್.ಡಿ.ಗೆ ಐದು ಅಥವಾ ಹೆಚ್ಚು. ಆದರೆ ಪಿಎಚ್.ಡಿ. ಹಂತ ತಲುಪಿದವರಿಗೆ ಸಂಸ್ಥೆಯಿಂದಲೋ ಸರ್ಕಾರದಿಂದಲೋ ಫೆಲೋಶಿಪ್ ಸಿಗುತ್ತದೆ, ಆಗ ಮನೆಯವರಿಗೆ ಹೊರೆ ಇರುವುದಿಲ್ಲ. ಕಷ್ಟವಿರುವುದು ಮೊದಲ ಐದು ವರ್ಷ. ಬಸ್ ಪಾಸು, ಹಾಸ್ಟೆಲ್, ಪುಸ್ತಕ, ಪ್ರವೇಶ ಪರೀಕ್ಷೆಯ ಶುಲ್ಕಗಳಿಗೆ ಪರದಾಡಿ ಎಷ್ಟೋ ಮಕ್ಕಳು ಅಲ್ಲೇ ಬಿಡುತ್ತಾರೆ. ನಮ್ಮ ನೆರವು ತಲುಪಬೇಕಾದದ್ದು ಅಲ್ಲಿಗೆ ಎಂದು ಸಭೆ ಒಪ್ಪಿತು. ಅವಳ ಹೆಸರು ಈ ಸಾಲಿನ ಪಟ್ಟಿಯಲ್ಲಿ ಸೇರಿದೆ.

ವಿದ್ಯಾರ್ಥಿವೇತನ ಸೂಚನೆ: ಮುಂದಿನ ಸಾಲಿನಿಂದ ವೃತ್ತಿಶಿಕ್ಷಣದವರ ಜೊತೆಗೆ ಮೂಲ ವಿಜ್ಞಾನದ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳ ಅರ್ಜಿಗಳನ್ನೂ ಪರಿಗಣಿಸಲಾಗುವುದು. ಪಿಯುಸಿ ವಿಜ್ಞಾನ ಓದುತ್ತಿರುವವರು ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆಯಲು ಇಚ್ಛಿಸಿದರೆ ಅದರ ಶುಲ್ಕಕ್ಕೂ ಅರ್ಜಿ ಹಾಕಬಹುದು. ಕಳೆದ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಲಗತ್ತಿಸಬೇಕು. ಆರೋಗ್ಯದ ಕಾರಣದಿಂದ ಓದು ನಿಂತಿದ್ದರೆ ಕಾಯಿಲೆಯ ಹೆಸರನ್ನು ದಯವಿಟ್ಟು ಮುಚ್ಚಿಡದೆ ಬರೆಯಿರಿ. ಅದು ಆಯ್ಕೆ ಸಮಿತಿಯ ಹೊರಗೆ ಹೋಗುವುದಿಲ್ಲ, ಅರ್ಜಿ ತಿರಸ್ಕರಿಸಲು ಕಾರಣವೂ ಆಗುವುದಿಲ್ಲ. ಚಿಕಿತ್ಸೆ ಪಡೆದು ಮತ್ತೆ ಕಾಲೇಜಿಗೆ ಸೇರುವವರಿಗೆ ವಯಸ್ಸಿನ ಮಿತಿಯಲ್ಲಿ ಎರಡು ವರ್ಷ ಸಡಿಲಿಕೆ ಇದೆ.